ತಿಜೋರಿಯಲ್ಲಿಟ್ಟ ಕಿವಿ

ಬಂಧುಬಳಗಕ್ಕೆ ಉಚ್ಚರಿಸಲು ಬಾರದ ಉದ್ಯೋಗವನ್ನು ಹೆಣ್ಣುಮಕ್ಕಳು ಹಿಡಿಯಬಾರದು. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಡಾಕ್ಟರ್, ನರ್ಸ್, ಟೀಚರ್ ಎಂದರೆ ಒಂದೇ ಉಸಿರಿಗೆ ಮುಗಿದುಹೋಗುತ್ತದೆ. ಕೇಳಿದವರು ತಲೆದೂಗಿ ಕಾಫಿ ಕುಡಿಯುತ್ತಾರೆ. ನಾನು ಕಲಿಯಲು ಹೋದದ್ದು ಆಡಿಯಾಲಜಿ. ಯಾರ ಕಿವಿ ಎಷ್ಟು ಕೇಳಿಸುತ್ತದೆಂದು ಅಳೆದು, ಕಡಿಮೆ ಇದ್ದವರಿಗೆ ಏನು ಮಾಡಬಹುದೆಂದು ಹೇಳುವ ವಿದ್ಯೆ. ಎಪ್ಪತ್ತರ ದಶಕದಲ್ಲಿ ಸವಣೂರಿನ ನಮ್ಮ ಮನೆಯ ಜಗಲಿಯ ಮೇಲೆ ಈ ಶಬ್ದ ಬಿದ್ದಾಗ ಅದನ್ನು ಎತ್ತಿಕೊಳ್ಳುವವರು ಯಾರೂ ಇರಲಿಲ್ಲ. ಅಜ್ಜ, ಮುತ್ತಜ್ಜ ಎಲ್ಲ ಸಂಸ್ಕೃತ ಪಾಠ ಹೇಳಿಕೊಂಡು ಬಂದ ಮನೆತನ ನಮ್ಮದು. ಅಪ್ಪ ಮಾತ್ರ ನೌಕರಿಗೆಂದು ಹುಬ್ಬಳ್ಳಿ ಸೇರಿ, ನನ್ನನ್ನು ಕಾನ್ವೆಂಟಿಗೆ ಹಾಕಿ, ವಂಶದ ದಿಕ್ಕನ್ನು ಸ್ವಲ್ಪ ಓರೆ ಮಾಡಿದರು. ಶಿಗ್ಗಾಂವಿಯಲ್ಲಿದ್ದ ನನ್ನ ಅತ್ಯಾ, ಅಂದರೆ ಅಪ್ಪನ ತಂಗಿ, ನಾನು ರಜೆಗೆ ಬಂದಾಗ ಕೆಟ್ಟುಹೋದ ಟ್ರಾನ್ಸಿಸ್ಟರನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದು, "ಹೆಂಗೂ ಆಡಿಯೋದ್ದ ಕಲೀಲಿಕ್ಕೆ ಹತ್ತೀಯಲ್ಲವಾ, ಇದಕ್ಕ ಏನ್ ಆಗ್ಯದ ನೋಡು. ಧಾರವಾಡ ಸ್ಟೇಶನ್ನು ಬರವಲ್ತು" ಎಂದಳು. ಅದೇ ರಜೆಯಲ್ಲಿ ನನ್ನನ್ನು ನೋಡಲು ಬಂದ ವರನ ತಾಯಿ ಇನ್ನೂ ಪ್ರಾಕ್ಟಿಕಲ್. ನಾನು ನನ್ನ ವಿದ್ಯೆಯನ್ನು ಆದಷ್ಟು ಡಿಗ್ನಿಫೈಡ್ ಆಗಿ ವಿವರಿಸಿದ ಮೇಲೆ ಆಕೆ ಮಗನ ಕಡೆ ನೋಡಿ, "ಅಂದರ ಕಿವ್ಯಾಗಿನ ಗುಗ್ಗಿ ತಗೀತಾಳಂತ" ಎಂದು ಸಂಗ್ರಹ ಮಾಡಿದರು. ಆ ಸಂಬಂಧ ಕೂಡಿ ಬರಲಿಲ್ಲ. ಆಗ ಅತ್ತಿದ್ದೆ, ಈಗ ನೆನೆಸಿಕೊಂಡರೆ ನಗು ಬರುತ್ತದೆ. ಹೆಚ್ಚು ಹೊತ್ತಲ್ಲ.

ಕಾನ್ವೆಂಟಿನ ಸಿಸ್ಟರುಗಳು ನಮಗೆ ಕಲಿಸಿದ ಮೊದಲ ಪಾಠವೆಂದರೆ ಮೆಲ್ಲಗೆ ಮಾತಾಡುವುದು. ಲೇಡಿಯಾದವಳ ಮಾತು ಪಕ್ಕದ ಬೆಂಚಿಗೆ ಕೇಳಿಸಬಾರದು. ಇಂಥ ತರಬೇತಿ ಪಡೆದವಳು ಹೋಗಿ ಹೋಗಿ ಕಿವುಡರ ನಡುವೆ ಬಿದ್ದೆ. ವಿಧಿಗೆ ಸೆನ್ಸ್ ಆಫ್ ಹ್ಯೂಮರ್ ಇದೆ, ಆದರೆ ಅದು ಸ್ವಲ್ಪ ಕ್ರೂರ ಜಾತಿಯದು. ಕೊನೆಯ ವರ್ಷ ನಮ್ಮನ್ನು ಹಳ್ಳಿಗಳ ಕ್ಯಾಂಪಿಗೆ ಕಳಿಸುತ್ತಿದ್ದರು. ನಮ್ಮ ಸರ್ ಹಳೆ ಮೈಸೂರು ಕಡೆಯವರು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂದು ತಾಲೂಕುಗಳ ಹೆಸರು ಓದಿ, "ನಿಮ್ಮ ಭಾಷೆ ನೀವೇ ನೋಡಿಕೊಳ್ಳಿ" ಎಂದು ನನ್ನನ್ನು ಜೀಪಿನಲ್ಲಿ ತಮ್ಮ ಪಕ್ಕಕ್ಕೆ ಕೂರಿಸಿಕೊಂಡರು. ನಾನು ತರಬೇತಿಯ ಹುಡುಗಿಗಿಂತ ಹೆಚ್ಚಾಗಿ ದುಭಾಷಿಯಾದೆ. ಜನ ತಮ್ಮ ಕಿವಿಯೊಳಗೆ ಏನೇನು ಹಾಕಿಕೊಳ್ಳುತ್ತಾರೆಂಬುದು ಆಗ ತಿಳಿಯಿತು. ಕಡ್ಡಿಪೆಟ್ಟಿಗೆಯ ಕಡ್ಡಿ, ಕೋಳಿಯ ಪುಕ್ಕ, ಸೈಕಲ್ ಬೀಗದ ಕೈ, ಬಳ್ಳೊಳ್ಳಿ ಹಾಕಿ ಕಾಸಿದ ಎಣ್ಣೆ. ದುಂಡಸಿಯಿಂದ ಬಸ್ಸಿನಲ್ಲಿ ಬಂದ ಒಬ್ಬ ತಾಯಿ ಮಗನ ಸೋರುವ ಕಿವಿಗೆ ಅರಳೆ ತುರುಕಿಕೊಂಡು ಬಂದಿದ್ದಳು. ಎಷ್ಟು ದಿನದಿಂದ ಸೋರುತ್ತಿದೆಯೆಂದು ಕೇಳಿದರೆ, "ಸೋರಲಿ ಬಿಡ್ರಿ ಬಾಯಾರ, ಒಳಗಿನ ಹೊಲಸು ಹೊರಗ ಬಂದರ ಛಲೋನ ಅಲ್ಲೇನ್ರಿ" ಎಂದಳು. ಹೊಲಸಿನ ಜೊತೆಗೆ ಕಿವಿಯ ತಮಟೆಯೂ ಕರಗಿಹೋಗಿತ್ತು. ಕಣ್ಣಿಗೆ ಕಸ ಬಿದ್ದರೆ ಊರೆಲ್ಲ ಊದುತ್ತದೆ. ಕಿವಿ ತೂತಾದರೂ ಯಾರಿಗೂ ನೋವಿಲ್ಲ, ಏಕೆಂದರೆ ಹೊರಗಿನಿಂದ ನೋಡಿದರೆ ಕಿವಿ ಇದ್ದ ಹಾಗೇ ಇರುತ್ತದೆ, ಓಲೆ ಸಮೇತ.

ಕಿವಿ ಅಳೆಯಲು ಮೊದಲು ಬೇಕಾದದ್ದು ನಿಶ್ಶಬ್ದವಾದ ಕೋಣೆ. ನಾನು ಕಲಿಯುತ್ತಿದ್ದ ಇನ್ಸ್ಟಿಟ್ಯೂಟಿನಲ್ಲಿ ಅದಕ್ಕೆಂದೇ ದಪ್ಪ ಗೋಡೆಯ, ಎರಡು ಬಾಗಿಲಿನ ಕೋಣೆ ಇತ್ತು. ಹಾನಗಲ್ಲ ತಾಲೂಕಿನಲ್ಲಿ ನಿಶ್ಶಬ್ದ ಎಲ್ಲಿಂದ ತರುವುದು? ಸಾಲೆಯಲ್ಲಿ ಮಗ್ಗಿ, ಛತ್ರದಲ್ಲಿ ಪಾತ್ರೆ, ಪಂಚಾಯತಿ ಕಚೇರಿಯಲ್ಲಿ ಜಗಳ. ಅಕ್ಕಿಆಲೂರಿಗೆ ಹೋದಾಗ ಸರ್ ಒಂದು ಜಾಗ ಹುಡುಕಿದರು: ಅಕ್ಕಿ ಮಿಲ್ಲಿನ ಗೋದಾಮು. ನಾಲ್ಕೂ ಕಡೆ ಸೂರಿನವರೆಗೆ ಭತ್ತದ ಚೀಲಗಳು. ಒಳಗೆ ನಿಂತು ಮಾತಾಡಿದರೆ ನಮ್ಮ ದನಿ ಚೀಲದಲ್ಲಿ ಇಂಗಿಹೋಗುತ್ತಿತ್ತು. "ಎಕ್ಸಲೆಂಟ್! ನಮ್ಮ ರೂಮಿಗಿಂತ ಚೆನ್ನಾಗಿದೆ" ಎಂದು ಸರ್ ಚೀಲಗಳನ್ನು ತಟ್ಟಿ ತಟ್ಟಿ ನೋಡಿದರು. ಆದರೆ ಗೋಡೆಯ ಆಚೆಗೆ ಮಿಲ್ಲು. ಅದನ್ನು ನಿಲ್ಲಿಸದೆ ಏನೂ ಮಾಡುವಂತಿರಲಿಲ್ಲ. ಮಾಲೀಕರು ಚನ್ನವೀರಪ್ಪ ಸಾವ್ಕಾರರು, ಬಿಳಿ ಮೀಸೆಯ ಮೇಲೂ ಸದಾ ತೌಡು ಕುಳಿತಿರುವ ಭಾರಿ ಆಳು. ಮಿಲ್ಲಿನ ಗದ್ದಲದಲ್ಲಿ ಅರ್ಧ ಆಯುಷ್ಯ ಕಳೆದು ಅವರ ಕಿವಿಗಳು ಎಂದೋ ರಾಜೀನಾಮೆ ಕೊಟ್ಟಿದ್ದವು, ಆದರೆ ಅವರು ಆ ರಾಜೀನಾಮೆಯನ್ನು ಇನ್ನೂ ಸ್ವೀಕರಿಸಿರಲಿಲ್ಲ. ನಾನು ಕಾನ್ವೆಂಟ್ ದನಿಯಲ್ಲಿ ವಿನಂತಿಸಿದೆ. ಅವರು ಪ್ರಸನ್ನರಾಗಿ ನಕ್ಕು ನನಗೆ ಒಂದು ಖುರ್ಚಿ ತರಿಸಿದರು. ಪಕ್ಕದಲ್ಲಿದ್ದ ಮ್ಯಾನೇಜರು ಅವರ ಕಿವಿಗೆ ಬಾಯಿ ಹಚ್ಚಿ ಒದರಿದ ಮೇಲೆ, "ಮಿಲ್ ಬಂದ್ ಮಾಡಬೇಕಾ? ಮಾಡೂಣಂತ. ನಮ್ಮ ಮೊಮ್ಮಗಳದೂ ಒಂದ್ ನೋಡಿಬಿಡ್ರಿ ಹಂಗಾದ್ರ" ಎಂದರು, ಇಡೀ ಸಂತೆಗೆ ಕೇಳುವಂತೆ.

ಮೊಮ್ಮಗಳು ಶಿವಲೀಲಾ, ನಾಲ್ಕರ ಆಸುಪಾಸಿನ ಹುಡುಗಿ. ಗುಂಗುರು ಕೂದಲು, ಎಣ್ಣೆ ಹಚ್ಚಿದ ಕೆನ್ನೆ, ಇನ್ನೂ ಒಂದು ಮಾತೂ ಬಂದಿಲ್ಲ. ಅವಳ ಹಿಂದೆ ಮನೆಮಂದಿಯೆಲ್ಲ ಬಂದರು: ಅಜ್ಜಿ, ಚಿಕ್ಕಮ್ಮಂದಿರು, ಮಾವಂದಿರು, ನೆರೆಯವರು. ಎಲ್ಲರ ಕಡೆಗೂ ಒಂದೊಂದು ಕಾರಣ ಇತ್ತು. "ಅವರಪ್ಪನೂ ತಡಾ ಮಾಡೇ ಮಾತಾಡ್ಯಾನ್ರಿ." "ನಾಲಿಗಿ ದಪ್ಪ ಐತಿ, ಬಜಿ ಬೇರ ತಿಕ್ಕಾಕತ್ತೇವಿ." "ಗುಡಿಗೆ ಗಂಟಿ ಕಟ್ಟತೇವಂತ ಬೇಡಿಕೊಂಡೇವ್ರಿ, ಈ ವರ್ಷ ಮಾತ ಬರ್ತಾವ." ಕೇಳಿಸುವ ವಿಷಯದಲ್ಲಂತೂ ಯಾರಿಗೂ ಅನುಮಾನವಿರಲಿಲ್ಲ. ಅಜ್ಜಿಯೇ ತೋರಿಸಿಕೊಟ್ಟರು. ಹುಡುಗಿಯನ್ನು ಎಲ್ಲರ ಎದುರಿಗೆ ಕೂರಿಸಿ, ಅವಳ ಬೆನ್ನ ಹಿಂದೆ ತಾಟು ಬಡಿದರು. ಶಿವಲೀಲಾ ಫಕ್ಕನೆ ತಿರುಗಿ ನೋಡಿದಳು. "ನೋಡಿದ್ರಿಲ್ಲ?" ಎಂದು ಬಳಗವೆಲ್ಲ ನಕ್ಕಿತು. ನಾನೂ ನಕ್ಕೆ. ಸರ್ ಮಾತ್ರ ನಗಲಿಲ್ಲ. ಅವರು ಹುಡುಗಿಯನ್ನಲ್ಲ, ಬಳಗವನ್ನು ನೋಡುತ್ತಿದ್ದರು. ತಾಟು ಬಡಿದ ಕ್ಷಣ ಎದುರಿಗೆ ನಿಂತ ಅಷ್ಟೂ ಜನರ ಕಣ್ಣು ತಾಟಿನ ಕಡೆ ಹೋಗಿತ್ತು. ಕೂಸು ಆ ಕಣ್ಣುಗಳ ಹಿಂದೆ ತಿರುಗಿತ್ತು. ಸರ್ ನನಗೆ ಇಂಗ್ಲಿಷಿನಲ್ಲಿ, "ಎಲ್ಲರನ್ನೂ ಹೊರಗೆ ಕಳಿಸಿ" ಎಂದರು. ಅಷ್ಟು ಜನ ಹಿರಿಯರನ್ನು ಅವರದೇ ಗೋದಾಮಿನಿಂದ ಹೊರಗೆ ಹಾಕಿದ ಕೀರ್ತಿ ನನ್ನದು. ತಾಯಿ ಪಾರವ್ವ ಒಬ್ಬಳು ಉಳಿದಳು. ಮಿಲ್ಲು ನಿಂತಿತು. ಶಿವಲೀಲಾ ನೆಲಕ್ಕೆ ಚೆಲ್ಲಿದ ಭತ್ತದ ಕಾಳುಗಳನ್ನು ಆರಿಸಿ ಆರಿಸಿ ಅಂಗೈಯಲ್ಲಿಟ್ಟುಕೊಳ್ಳುತ್ತಿದ್ದಳು. ಸರ್ ಹಿಂದೆ ನಿಂತು ಗಂಟೆ ಬಾರಿಸಿದರು. ತಾಟು ಬಡಿದರು. ಡಬ್ಬಿ ಬಡಿದರು. ಹುಡುಗಿ ಕಾಳು ಆರಿಸುತ್ತಲೇ ಇದ್ದಳು. ಅವಳ ಕಿವಿಯ ಹತ್ತಿರ ತಂದು ಜೋರಾಗಿ ಡೋಲು ಬಾರಿಸಿದಾಗ ಮಾತ್ರ ಒಮ್ಮೆ ಕೈ ನಿಂತಿತು, ಯಾವುದೋ ಬೇರೆ ಊರಿನಿಂದ ಯಾರೋ ಕರೆದ ಹಾಗೆ. ಕೇಳಿಸುವುದು ಸ್ವಲ್ಪ ಉಳಿದಿತ್ತು. ಆ ಸ್ವಲ್ಪಕ್ಕೆ ಕಿವಿಯ ಮಷಿನ್ನು ಹಾಕಿದರೆ ಮಾತು ಬರಬಹುದಿತ್ತು. ನಾನು ಪಾರವ್ವನ ಕಡೆ ತಿರುಗಿ ಹೇಗೆ ಹೇಳಲೆಂದು ಇಂಗ್ಲಿಷಿನಲ್ಲಿ ಶಬ್ದ ಹುಡುಕುತ್ತಿದ್ದಾಗ ಅವಳೇ, "ನನಗ ಗೊತ್ತಿತ್ರಿ ಬಾಯಾರ. ನಾ ಹೇಳಿದರ ಯಾರೂ ಕೇಳತಿರಲಿಲ್ಲ" ಎಂದಳು.

ಸಾವ್ಕಾರರಿಗೆ ಮೊದಲು ಇದು ಒಂದು ಸಮಸ್ಯೆಯೆಂದೇ ತೋರಲಿಲ್ಲ. "ನನಗೂ ಅಷ್ಟಕ್ಕಷ್ಟ. ಹಂಗಂತ ಮಿಲ್ ನಿಂತೈತೇನು?" ಎಂದರು. ನೀವು ಮಾತು ಕಲಿತ ಮೇಲೆ ಕಿವಿ ಕಳಕೊಂಡಿರಿ, ಈ ಕೂಸು ಮಾತು ಕಲಿಯುವ ಮೊದಲೇ ಕಳಕೊಂಡಿದೆ ಎಂದು ಮ್ಯಾನೇಜರ ಬಾಯಿಂದ ಒದರಿಸಿದೆವು. ಹೊಲಕ್ಕೆ ಹದ ಇದ್ದ ಹಾಗೆ ಮಾತಿಗೂ ಒಂದು ಹದ ಇದೆ, ಕೂಸು ಐದು ವರ್ಷದ್ದಾಗುವುದರೊಳಗೆ ಬಿತ್ತಿದರೆ ಹುಟ್ಟಿತು, ಆಮೇಲೆ ಕಷ್ಟ ಎಂದೆವು. ಭತ್ತದ ವ್ಯವಹಾರದವರಿಗೆ ಹದದ ಮಾತು ನಾಟಿತು. ಅವರು ಮನಸ್ಸು ಮಾಡಿದರೆ ಅರ್ಧ ಕೆಲಸ ಮಾಡುವವರಲ್ಲ. ಇದ್ದುದರಲ್ಲಿ ಒಳ್ಳೆಯ ಹಿಯರಿಂಗ್ ಏಡನ್ನೇ ತರಿಸಿದರು. ಈಗಿನ ಹಾಗೆ ಕಿವಿಯಲ್ಲಿ ಅಡಗುವ ಕಾಳಲ್ಲ ಅದು. ಬೆಂಕಿಪೊಟ್ಟಣಕ್ಕಿಂತ ದೊಡ್ಡ ಡಬ್ಬಿ, ಎದೆಯ ಮೇಲೆ ತೂಗುಹಾಕಬೇಕು, ಒಳಗೆ ಪೆನ್ಸಿಲ್ ಸೆಲ್ಲು, ಅದರಿಂದ ಕಿವಿಯವರೆಗೆ ವಾಯರು. ಮೊದಲ ಸಲ ಹಾಕಿದಾಗ ಪಾರವ್ವ "ಶಿವೀ" ಎಂದು ಕರೆದಳು. ಹುಡುಗಿ ಸುತ್ತಲೂ ನೋಡಿದಳು, ಮೇಲೆ ನೋಡಿದಳು, ಡಬ್ಬಿಯನ್ನು ನೋಡಿದಳು, ಹೆದರಿ ಅತ್ತಳು. ತಾಯಿಯೂ ಅತ್ತಳು. ಸರ್ ಕನ್ನಡಕ ಒರೆಸಿಕೊಂಡು, ಅಳುವುದಕ್ಕೆ ಸಿಲೆಬಸ್ಸಿನಲ್ಲಿ ಜಾಗವಿಲ್ಲದ್ದರಿಂದ, ಕೂಡಲೇ ಇನ್‌ಸ್ಟ್ರಕ್ಷನ್ಸ್ ಶುರುಮಾಡಿದರು. ದಿನಾ ಹಾಕಬೇಕು. ನೀರು ತಾಗಬಾರದು. ಧೂಳು ಕೂಡದು. ಬೆವರು ಕೂಡದು. ಕೆಳಗೆ ಬೀಳಿಸಬಾರದು. ವಾಯರು ಮಡಿಚಬಾರದು. ಮಕ್ಕಳ ಕೈಗೆ ಸಿಗಬಾರದು. ನಾನು ಒಂದನ್ನೂ ಬಿಡದೆ ನಮ್ಮ ಭಾಷೆಗೆ ತಂದೆ. ಸಾವ್ಕಾರರು ತಲೆದೂಗುತ್ತಾ ಕೇಳಿದರು, ಅಂದರೆ ಮ್ಯಾನೇಜರ ಮೂಲಕ ಕೇಳಿದರು.

ಕೊನೆಯ ವರ್ಷದ ಪರೀಕ್ಷೆ ಮುಗಿದು, ಊರಿಗೆ ಬಂದು, ಮತ್ತೊಂದು ವರನ ತಾಯಿಯನ್ನು ಎದುರಿಸಿ, ನಾನು ಅಕ್ಕಿಆಲೂರಿಗೆ ಮತ್ತೆ ಹೋಗುವಷ್ಟರಲ್ಲಿ ವರ್ಷ ದಾಟಿತ್ತು. ಬಸ್ಸಿನಲ್ಲಿ ನಾನು ಕಲ್ಪಿಸಿಕೊಂಡದ್ದೇ ಬೇರೆ. ಶಿವಲೀಲಾ ಓಡಿಬಂದು ನನ್ನನ್ನು ಬಾಯಾರ ಎಂದು ಕರೆಯುತ್ತಾಳೆ, ನಾನು ಮಾಡೆಸ್ಟ್ ಆಗಿ ನಗುತ್ತೇನೆ. ಹುಡುಗಿ ಓಡಿಬಂದಳು ನಿಜ. ಬರೀ ಎದೆ, ಬರೀ ಕಿವಿ, ಬರೀ ಬಾಯಿ. ಸಾವ್ಕಾರರು ಮಾತ್ರ ಸಂಭ್ರಮದಿಂದ ಎದ್ದು, "ಬರ್ರಿ ಬಾಯಾರ, ಕುಂಡ್ರಿ. ಮಷಿನ್ ನೋಡಾಕ ಬಂದ್ರೇನು? ತೋರಸ್ತೇನಿ" ಎಂದು ಸೊಂಟದಿಂದ ಕೀಲಿಕೈ ಬಿಚ್ಚಿದರು. ದೇವರ ಕೋಣೆಯ ಪಕ್ಕದ ತಿಜೋರಿ ತೆರೆಯಿತು. ಬಂಗಾರದ ಸರ, ಬೆಳ್ಳಿ ಲಿಂಗದ ಕರಡಿಗೆ, ಅವುಗಳ ನಡುವೆ ಹಸಿರು ರೇಶ್ಮೆ ಖಣದಲ್ಲಿ ಸುತ್ತಿದ ಹಿಯರಿಂಗ್ ಏಡ್. "ನೋಡ್ರಿ. ನೀರ ಇಲ್ಲ, ಧೂಳ ಇಲ್ಲ, ಹುಡುಗರ ಕೈ ಇಲ್ಲ. ಒಂದ ಗೆರಿ ಬಿದ್ದಿದ್ದರ ಹೇಳ್ರಿ ನನಗ." ಗೆರೆ ಇರಲಿಲ್ಲ. ಅದಕ್ಕೆ ಬದಲು ಡಬ್ಬಿಯ ಮುಖದ ಮೇಲೆ, ಶಬ್ದ ಒಳಗೆ ಹೋಗುವ ಸಣ್ಣ ಜಾಳಿಗೆಯ ಮೇಲೆ, ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಖಂಡೇನವಮಿಯ ದಿನ ಮಿಲ್ಲಿನ ಎಂಜಿನ್ನು, ತಕ್ಕಡಿ, ಜೀಪು ಎಲ್ಲದರ ಜೊತೆಗೆ ಇದಕ್ಕೂ ಪೂಜೆ ಆಗಿತ್ತು. ಯಂತ್ರವೆಂದ ಮೇಲೆ ಪೂಜೆ ಬೇಡವೇ? ನನಗೆ ನಗಬೇಕೋ ಕೂತುಬಿಡಬೇಕೋ ತಿಳಿಯಲಿಲ್ಲ. ಕೂತುಬಿಟ್ಟೆ.

"ಇದನ್ನ ಯಾವಾಗ ಹಾಕತೀರಿ?" ಎಂದು ಕೇಳಿದೆ. ಅಜ್ಜಿ ಹೇಳಿದರು: "ಹಬ್ಬಕ್ಕ ಹಾಕತೇವ್ರಿ. ಲಗ್ನಕ್ಕ ಹಾಕತೇವಿ. ಯಾರರೆ ದೊಡ್ಡವರು ಬಂದರ ಹಾಕತೇವಿ. ದಿನಾ ಹಾಕಿದರ ಸವೀತೈತಲ್ರಿ, ಬಂಗಾರದ ಸಾಮಾನ ದಿನಾ ಹಾಕ್ಕೋತಾರೇನು? ಈ ಮನ್ಯಾಗ ನೋಡ್ರಿ, ಎಲ್ಲಿ ನೋಡಿದಲ್ಲಿ ತೌಡು." ಸರ್ ಹೇಳಿದ್ದು ಒಂದು 'ಬೇಕು', ಅದರ ಬೆನ್ನಿಗೆ ಅಷ್ಟೊಂದು 'ಬ್ಯಾಡ'; ಬ್ಯಾಡಗಳಿಗೆ ಬಹುಮತ ಸಿಕ್ಕಿತ್ತು. ಹಿಂದಿನ ಮುಚ್ಚಳ ತೆಗೆದೆ. ಸೆಲ್ಲು ಒಳಗೇ ಒಡೆದು, ಹಸಿರು ಕಿಲುಬು ಕಟ್ಟಿ, ತಂತಿಗಳನ್ನು ತಿಂದುಹಾಕಿತ್ತು. ಇಷ್ಟು ಜೋಪಾನ ಮಾಡದೆ ಇದ್ದಿದ್ದರೆ ಬದುಕಿರುತ್ತಿತ್ತು. ಆಗ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಪಾರವ್ವ ಮಾತಾಡಿದಳು. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಮಾವನೆದುರು ಅವಳು ಬಾಯಿ ತೆರೆದದ್ದು ಅದೇ ಮೊದಲಿರಬೇಕು, ಏಕೆಂದರೆ ಅಜ್ಜಿಯ ಕೈಯಲ್ಲಿದ್ದ ಅಡಿಕೆ ಅಲ್ಲೇ ನಿಂತಿತು. "ಮಾವಾರ, ಹಬ್ಬದ ದಿನ ಕೇಳಿ ಏನ್ ಮಾಡ್ಲಿ ಕೂಸು? ನಾ ದಿನಾ ಕರೀತೇನಿ. ದಿನಾ ಕರದ್ರೂ ಹೊಳ್ಳಿ ನೋಡಂಗಿಲ್ಲ. ನನ್ನ ಮಗಳ ಕಿವಿ ಕೀಲಿ ಹಾಕಿ ಇಟ್ಟೀರಿ ನೀವು."

ಎಂಥ ಮಾತು! ವರ್ಷಗಟ್ಟಲೆ ಕಾಸಿದ ಮಾತು. ಮತ್ತು ಅದು ಸಾವ್ಕಾರರಿಗೆ ಕೇಳಿಸಲಿಲ್ಲ. ಅವರು ಸೊಸೆಯ ತುಟಿ ಆಡಿದ್ದನ್ನು ಮಾತ್ರ ನೋಡಿ ನನ್ನ ಕಡೆ ತಿರುಗಿ, "ಏನಂತಾಳ? ಚಾ ಕೇಳಾಕತ್ತಾಳೇನು? ಮಾಡ ಅನ್ರಿ" ಎಂದರು. ಮ್ಯಾನೇಜರು ಮಿಲ್ಲಿನಲ್ಲಿದ್ದ. ಅಜ್ಜಿ ನೆಲ ನೋಡುತ್ತಿದ್ದರು. ಪಾರವ್ವನಿಗೆ ಎರಡನೆಯ ಸಲ ಹೇಳುವ ಧೈರ್ಯವಿರಲಿಲ್ಲ, ಅಷ್ಟು ಗಟ್ಟಿಯಾಗಿ ಹೇಳುವ ದನಿಯೂ ಇರಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ದುಭಾಷಿಯ ಕೆಲಸ ಇಲ್ಲಿಯವರೆಗೆ ಬರುತ್ತದೆಂದು ಯಾವ ಪ್ರಾಸ್ಪೆಕ್ಟಸ್ಸಿನಲ್ಲೂ ಬರೆದಿರಲಿಲ್ಲ. ನಾನು ಎದ್ದು, ಸಿಸ್ಟರುಗಳ ಕ್ಷಮೆ ಕೇಳಿ, ಆ ಹಿರಿಯರ ಎಡಗಿವಿಗೆ ಬಾಯಿ ಹಚ್ಚಿ, ಹೊಟ್ಟೆಯಿಂದ ಉಸಿರು ತಂದು ಒದರಿದೆ: "ನನ್ನ ಮಗಳ ಕಿವಿ ಕೀಲಿ ಹಾಕಿ ಇಟ್ಟೀರಿ ನೀವು!" ಪೂರ್ತಿ ಕೇಳಿಸಲು ಎರಡು ಸಲ ಒದರಬೇಕಾಯಿತು. ಎರಡನೆಯ ಸಲಕ್ಕೆ ಓಣಿಯಲ್ಲಿ ಹೋಗುತ್ತಿದ್ದವರು ನಿಂತು ಬಾಗಿಲಲ್ಲಿ ಇಣುಕಿದರು. ಲಗ್ನವಾಗದ ಹುಡುಗಿ ಸಾವ್ಕಾರರ ಮನೆಯಲ್ಲಿ ನಿಂತು ನನ್ನ ಮಗಳು, ನನ್ನ ಮಗಳು ಎಂದು ಒದರುವುದನ್ನು ಅಕ್ಕಿಆಲೂರು ಏನೆಂದು ಅರ್ಥಮಾಡಿಕೊಂಡಿತೋ ನಾನು ವಿಚಾರಿಸಲು ಹೋಗಲಿಲ್ಲ.

ಸಾವ್ಕಾರರು ನನ್ನ ಕೈಯಲ್ಲಿದ್ದ ಮಷಿನ್ನನ್ನು ತೆಗೆದುಕೊಂಡು ತಿರುಗಿಸಿ ನೋಡಿ, ಧೋತರದ ಚುಂಗಿನಿಂದ ವಿಭೂತಿಯನ್ನು ಮೆಲ್ಲಗೆ ಒರೆಸತೊಡಗಿದರು. ಅದು ಹೋಗುವಂಥದ್ದಲ್ಲ, ಜಾಳಿಗೆಯ ಒಳಗೆ ಇಳಿದಿತ್ತು. "ನಾ ಬಂಗಾರ ಇಟ್ಟಂಗ ಇಟ್ಟಿದ್ನಲ್ಲ" ಎಂದರು. ಅವರಿಗೆ ಅದು ಮೆಲ್ಲಗೆ ಹೇಳಿದ ಮಾತು. ಬಾಗಿಲಲ್ಲಿ ಇಣುಕಿದವರಿಗೂ ಕೇಳಿಸಿತು. ಹೊಸ ಮಷಿನ್ನು ಬಂತು. ಪಾರವ್ವ ಹುಡುಗಿಯ ಎಲ್ಲ ಅಂಗಿಗಳ ಎದೆಗೂ ಒಂದೊಂದು ಕಿಸೆ ಹೊಲಿದಳು. ಕಿಸೆಯ ಮೇಲೆ ತೌಡು ಬಿದ್ದರೆ ಬೀಳಲಿ ಎಂದು ತಿಜೋರಿಯ ಯಜಮಾನರೇ ಅಪ್ಪಣೆ ಕೊಟ್ಟರು. ಮಾತೂ ಬಂತು, ಆದರೆ ಹದ ಸರಿದ ಮೇಲಿನ ಬಿತ್ತನೆಯ ಹಾಗೆ, ಅಲ್ಲೊಂದು ಇಲ್ಲೊಂದು. ನಾನು ಎಂಬತ್ತರ ದಶಕದುದ್ದಕ್ಕೂ ಈ ನಾಲ್ಕು ತಾಲೂಕುಗಳ ಬಸ್ಸಿನಲ್ಲಿ ಅಡ್ಡಾಡುತ್ತಾ ಕೂಸು ತಿರುಗಿ ನೋಡದಿದ್ದರೆ ತಡಮಾಡಬ್ಯಾಡ್ರಿ, ಸೋರುವ ಕಿವಿಗೆ ಎಣ್ಣೆ ಹಾಕಬ್ಯಾಡ್ರಿ, ಗದ್ದಲದಲ್ಲಿ ದುಡಿಯುವವರು ಕಿವಿ ಮುಚ್ಚಿಕೊಳ್ರಿ ಎಂದು ಹೇಳಿದ್ದೇ ಹೇಳಿದೆ. ಅಬಲೂರಿನ ಒಬ್ಬ ರೈತರು ಪೂರ್ತಿ ಉಪನ್ಯಾಸ ಕೇಳಿ, "ಛಲೋ ಮಾತಾಡಿದ್ರಿ ಬಾಯಾರ. ಕಣ್ಣ ಯಾವಾಗ ನೋಡತೀರಿ?" ಎಂದಿದ್ದರು. ಹೋಪ್‌ಲೆಸ್.

ಆ ದಶಕ ಮುಗಿಯುತ್ತ ಬಂದಾಗ ಹಿರೇಕೆರೂರಿನಲ್ಲಿ ಒಂದು ಕ್ಯಾಂಪು. ಆಗ ನನಗೂ ತಲೆಗೂದಲಲ್ಲಿ ಒಂದೆರಡು ಬೆಳ್ಳಿ, ಹೆಸರಿನ ಹಿಂದೆ ಒಂದು ಪದವಿ. ಕಿವಿ ಕೇಳದವರ ಜೊತೆ ಹೇಗೆ ಮಾತಾಡಬೇಕೆಂದು ಬೆಳಿಗ್ಗೆಯೆಲ್ಲ ಅಂಗನವಾಡಿಯ ಹೆಣ್ಣುಮಕ್ಕಳಿಗೆ ಪಾಠ ಹೇಳಿದ್ದೆ: ಎದುರಿಗೆ ಕುಳಿತುಕೊಳ್ಳಿ, ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ, ಬಾಯಿ ಬಿಚ್ಚಿ ನಿಧಾನವಾಗಿ ಹೇಳಿ, ಸಿಟ್ಟು ಮಾಡಬೇಡಿ. ಪಾಠ ಮುಗಿದ ಮೇಲೆ ಪಾರವ್ವ ಬಾಗಿಲಲ್ಲಿ ನಿಂತಿದ್ದಳು. ಹಿರೇಕೆರೂರು ಅವಳ ತವರು. ಸಾವ್ಕಾರರು ತೀರಿಕೊಂಡ ಮೇಲೆ ಮಗಳನ್ನು ಇಲ್ಲೇ ಹೊಲಿಗೆ ಕಲಿಯಲು ಬಿಟ್ಟಿದ್ದಳಂತೆ. "ಮನಿಗೆ ಬರಾಕ ಬೇಕ್ರಿ. ಶಿವಲೀಲಾ ನಿಮ್ಮ ಜೋಡಿ ಮಾತಾಡಬೇಕಂತಾಳ" ಎಂದು ಕೈ ಹಿಡಿದು ಕರೆದೊಯ್ದಳು.

ಲಂಗ ದಾವಣಿಯ ಉದ್ದನೆಯ ಹುಡುಗಿ ಚಹಾ ತಂದಿಟ್ಟಳು. ಕಿವಿಯಲ್ಲಿ ಮಷಿನ್ನಿತ್ತು. ಪಾರವ್ವ ಅವಲಕ್ಕಿ ಕಲಸಲು ಒಳಗೆ ಹೋದಳು. ಶಿವಲೀಲಾ ನನ್ನನ್ನು ನೋಡಿ ನಕ್ಕು, ಏನೋ ಹೇಳಿದಳು. ಸ್ವರಗಳೇ ಹೆಚ್ಚು, ವ್ಯಂಜನಗಳು ಎಲ್ಲೋ ಉದುರಿಹೋದ ಮಾತು; ದಿನಾ ಕೇಳುವ ತಾಯಿಗೆ ಸ್ಪಷ್ಟ, ಹೊರಗಿನವರಿಗೆ ಕತ್ತಲೆ. ನನಗೆ ತಿಳಿಯಲಿಲ್ಲ. ಒಬ್ಬ ಅನುಭವಿ ಸ್ಪೆಷಲಿಸ್ಟು ತಿಳಿಯಲಿಲ್ಲ ಅನ್ನಬಹುದೇ? "ಹೌದಾ? ಭಾಳ ಸಂತೋಷ ಆತವಾ" ಎಂದೆ. ಅವಳು ತಲೆ ಅಲ್ಲಾಡಿಸಿ ಮತ್ತೊಮ್ಮೆ ಹೇಳಿದಳು. ಆ ತಿಜೋರಿಯ ವರ್ಷವೆಲ್ಲ ಆ ಮಾತಿನೊಳಗೆ ಕೂತಿತ್ತು, ನನಗೆ ಅದೊಂದೇ ಕೇಳಿಸುತ್ತಿತ್ತು. ಈ ಸಲ ಮುಖದ ಮೇಲೆ ಸ್ವಲ್ಪ ಅನುಕಂಪ ತಂದುಕೊಂಡು, "ಎಲ್ಲಾ ಛಲೋ ಆಗ್ತದ" ಎಂದೆ.

ಶಿವಲೀಲಾ ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ಮಣೆಯನ್ನು ಎಳೆದುಕೊಂಡು ನನ್ನ ಎದುರಿಗೆ, ಕಿಟಕಿಯ ಬೆಳಕು ತನ್ನ ಮುಖದ ಮೇಲೆ ಬೀಳುವಂತೆ ಕುಳಿತಳು. ನನ್ನ ಮೊಳಕಾಲಿನ ಮೇಲೆ ಕೈಯಿಟ್ಟಳು. ಬಾಯನ್ನು ಅಗಲವಾಗಿ ಬಿಚ್ಚಿ, ಒಂದೊಂದೇ ಅಕ್ಷರವನ್ನು ಬಿಡಿಸಿ, ಸ್ವಲ್ಪವೂ ಸಿಟ್ಟಿಲ್ಲದೆ, ಕಿವುಡರಿಗೆ ಹೇಳುವ ಹಾಗೆ ಹೇಳಿದಳು: "ಚಾ... ಆ... ರಾ... ಕ... ತ್ತೈ... ತ್ರಿ."

ಎತ್ತಿ ಕುಡಿದೆ. ಆರೇ ಹೋಗಿತ್ತು.